ವೈದ್ಯರ ಮೇಲಣ ದೂರು

ವೈದ್ಯನನ್ನು ಸಾಕ್ಷಾತ್ ನಾರಾಯಣನೆಂದು ಭಾವಿಸಿದ ನಾಡು ನಮ್ಮದು. ಆದರೆ ಆ ನಾರಾಯಣನ ಮೇಲೆಯೇ ದೂರು ಹೇಳುವ ಪ್ರಸಂಗವೊದಗಿದರೆ ಅದನ್ನು ಕೇಳತಕ್ಕವರು ಯಾರು? ಬಹುಮಂದಿಗೆ ಪೋಲೀಸು ಠಾಣೆ ಗೊತ್ತು. ಗ್ರಾಹಕ ನ್ಯಾಯಾಲಯವೂ ಗೊತ್ತು. ವೈದ್ಯನ ಸನದನ್ನೇ ವಿಚಾರಿಸುವ ಅಧಿಕಾರವುಳ್ಳ ವೈದ್ಯಕೀಯ ಪರಿಷತ್ತೊಂದಿದೆಯೆಂಬುದು ಕೆಲವರಿಗೆ ಮಾತ್ರ ಗೊತ್ತು.

ಪರಿಹಾರದ ಹಣ ಕೊಡಿಸುವುದು ಪರಿಷತ್ತಿನ ಕೆಲಸವಲ್ಲ. ಅದಕ್ಕೆ 1995ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಗ್ರಾಹಕ ನ್ಯಾಯಾಲಯಗಳ ದಾರಿಯನ್ನು ತೋರಿಸಿದೆ. ತಪ್ಪಿತಸ್ಥನಿಗೆ ಎಚ್ಚರಿಕೆ ಕೊಡುವುದು, ಅವನ ಹೆಸರನ್ನು ಕೆಲಕಾಲ ಅಥವಾ ಶಾಶ್ವತವಾಗಿ ಪಟ್ಟಿಯಿಂದ ತೆಗೆಯುವುದು, ಇವು ಪರಿಷತ್ತಿನ ಕೈಯಲ್ಲಿವೆ. ಹಣದ ದಂಡಕ್ಕಿಂತ ಇದು ದೊಡ್ಡ ದಂಡ. ಆದುದರಿಂದಲೇ ಅಲ್ಲಿ ಕುಳಿತು ವಿಚಾರಿಸುವವರ ಹೊಣೆಯೂ ದೊಡ್ಡದು.

ನಮ್ಮ ಪ್ರಾಂತದ ಪರಿಷತ್ತು 1961ರ ಕಾಯಿದೆಗೆ ಒಳಪಟ್ಟದ್ದು. ಅದರ ಚುನಾಯಿತ ಸದಸ್ಯರನ್ನು ಆರಿಸುವವರು ನೋಂದಾಯಿತ ವೈದ್ಯರೇ. ಹೀಗಿರುವಾಗ ಸದಸ್ಯನ ಸಂಕಟವನ್ನು ಊಹಿಸಬಹುದು. ಎದುರಿಗೆ ನಿಂತವನು ನಿನ್ನೆಯ ಸಹಪಾಠಿ, ನಾಳೆಯ ಮತದಾರ. ಇನ್ನೊಂದು ಕಡೆ ಮಗುವನ್ನು ಕಳೆದುಕೊಂಡ ತಾಯಿ. ಅವಳ ಕೈಯಲ್ಲಿ ಅವಳಿಗೇ ಅರ್ಥವಾಗದ ಕಾಗದಗಳ ಕಂತೆ. ಇಂಥಲ್ಲಿ ತಕ್ಕಡಿಯನ್ನು ನೇರವಾಗಿ ಹಿಡಿಯುವುದು ಸುಲಭವಲ್ಲ. ಹಿಡಿದವರು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ವ್ಯಕ್ತಿಯ ಸದ್ಗುಣವನ್ನೇ ನೆಚ್ಚಿದ ವ್ಯವಸ್ಥೆಯು ವ್ಯವಸ್ಥೆಯೆನಿಸದು.

ವೈದ್ಯರ ಪಕ್ಷದಲ್ಲಿಯೂ ನ್ಯಾಯವಿದೆ. ರೋಗಿ ತೀರಿಕೊಂಡ ಮಾತ್ರಕ್ಕೆ ವೈದ್ಯನು ಅಪರಾಧಿಯಲ್ಲ. ಘೋರ ನಿರ್ಲಕ್ಷ್ಯವಿಲ್ಲದೆ ಕ್ರಿಮಿನಲ್ ಮೊಕದ್ದಮೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ವಿಧಿಸಿತು. ಉದ್ರಿಕ್ತ ಗುಂಪು ಆಸ್ಪತ್ರೆಯ ಗಾಜು ಒಡೆಯುವುದನ್ನು ಯಾವ ವಿವೇಕಿಯೂ ಒಪ್ಪನು. ಆದರೆ ದೂರಿಗೆ ಸಕಾಲದಲ್ಲಿ ಉತ್ತರ ದೊರೆಯುವುದೆಂಬ ಭರವಸೆಯಿದ್ದರಲ್ಲವೇ ಕೈಗೆ ಬಂದ ಕಲ್ಲು ಕೆಳಗಿಳಿಯುವುದು? ಪ್ರಾಮಾಣಿಕ ವೈದ್ಯನಿಗೆ ಪ್ರಾಮಾಣಿಕ ವಿಚಾರಣೆಗಿಂತ ಮಿಗಿಲಾದ ಕಾವಲಿಲ್ಲ.

2002ರ ನಡತೆಯ ನಿಯಮಗಳು ಆರು ತಿಂಗಳೊಳಗೆ ದೂರನ್ನು ತೀರ್ಮಾನಿಸಬೇಕೆನ್ನುತ್ತವೆ; ರೋಗಿಯು ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕೆನ್ನುತ್ತವೆ. 2023ರ ಆಗಸ್ಟಿನಲ್ಲಿ ಹೊಸ ನಿಯಮಗಳು ಹೊರಟು, ಅದೇ ತಿಂಗಳು ತಡೆಹಿಡಿಯಲ್ಪಟ್ಟು, ಹಳೆಯವೇ ಮರಳಿ ನಿಂತವು. ಹಳೆಯ ನಿಯಮಗಳಲ್ಲಿ 2004ರಿಂದ ನೊಂದ ಯಾರಿಗಾದರೂ ಮೇಲ್ಮನವಿಯ ಹಕ್ಕಿದ್ದಿತು. ಆದರೆ 2019ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ 30ನೆಯ ಕಲಮು ಮೇಲ್ಮನವಿಗೆ ವೈದ್ಯನನ್ನು ಮಾತ್ರ ಹೆಸರಿಸಿತು. ದಂಡನೆಗೊಳಗಾದವನಿಗೆ ಬಾಗಿಲು, ದೂರು ತಂದವನಿಗೆ ಗೋಡೆ! ಇದೆಲ್ಲಿಯ ಸಮತೆ? ರೋಗಿಯ ಹಕ್ಕನ್ನು ಯಾರ ಅನುಗ್ರಹಕ್ಕೂ ಬಿಡದೆ ಕಾಯಿದೆಯ ಅಕ್ಷರದಲ್ಲಿಯೇ ಬರೆಯತಕ್ಕದ್ದು.

1858ರ ಕಾನೂನಿನಿಂದ ಹುಟ್ಟಿದ ಬ್ರಿಟನ್ನಿನ ವೈದ್ಯಕೀಯ ಪರಿಷತ್ತಿನಲ್ಲಿ 2013ರಿಂದ ಹನ್ನೆರಡು ಸ್ಥಾನಗಳು: ಆರು ವೈದ್ಯರಿಗೆ, ಆರು ವೈದ್ಯರಲ್ಲದವರಿಗೆ. ಅಲ್ಲಿ ವೈದ್ಯನ ವಿಚಾರಣೆಗೆ ಕೂಡುವ ಪೀಠದಲ್ಲಿ ಸಾಮಾನ್ಯ ನಾಗರಿಕನೊಬ್ಬನಾದರೂ ಇರಲೇಬೇಕು. ಪರದೇಶದ್ದೆಲ್ಲವೂ ಅನುಕರಣೀಯವೆಂದು ನಾವು ಎಂದೂ ವಾದಿಸಿದವರಲ್ಲ. ಆದರೆ ನಮ್ಮ ಹಳ್ಳಿಯ ಪಂಚಾಯತಿಕೆಯ ನೀತಿಯೂ ಇದೇ ಅಲ್ಲವೇ? ವಾದಿಯ ನಂಟನೂ ಪ್ರತಿವಾದಿಯ ನಂಟನೂ ಅಲ್ಲದವನೊಬ್ಬ ಕಟ್ಟೆಯ ಮೇಲಿರಬೇಕು.

ದೂರು ಸಮಿತಿಯಲ್ಲಿ ವೈದ್ಯರಲ್ಲದ ಯೋಗ್ಯರಿಗೆ ಸ್ಥಾನವಿರಲಿ. ಪರಿಚಯವಿದ್ದ ಸದಸ್ಯನು ತಾನಾಗಿ ಎದ್ದು ಹೋಗಲಿ. ಕಾರಣ ಬರೆಯದ ತೀರ್ಪು ಹೊರಬೀಳದಿರಲಿ. ಎಷ್ಟು ದೂರು ಬಂದವು, ಎಷ್ಟು ಮುಗಿದವು, ಎಷ್ಟು ಆರು ತಿಂಗಳು ಮೀರಿದವು ಎಂಬ ಲೆಕ್ಕವನ್ನು ವರ್ಷವರ್ಷವೂ ಕನ್ನಡದಲ್ಲಿ ಪ್ರಕಟಿಸಲಿ. ಇದರಿಂದ ವೃತ್ತಿಯ ಗೌರವ ಕುಂದುವುದಿಲ್ಲ. ತನ್ನ ಗಾಯವನ್ನು ತಾನೇ ತೊಳೆಯಬಲ್ಲ ವೃತ್ತಿಗೆ ಮಾತ್ರ ಪರರ ಗಾಯವನ್ನು ಮುಟ್ಟುವ ಅಧಿಕಾರ. ಸರ್ಕಾರದವರೂ ಪರಿಷತ್ತಿನ ಮಹಾಶಯರೂ ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬುತ್ತೇವೆ.