ವೆಂಟಿಲೇಟರ್ ಬಂದ್ರೆ ಸಾಕೇ? ನೋಡ್ಕೊಳ್ಳೋ ನರ್ಸ್ ಬೇಡವೇ?

ಗಜೇಂದ್ರಗಡ: ಹೊಲದಲ್ಲಿ ಹಾವು ಕಚ್ಚಿತು, ಬೆಳೆಗೆ ಹೊಡೆಯೋ ಎಣ್ಣೆ ಮೈಗೇರಿತು ಅಂದ್ರೆ ನಮ್ಮ ಮಂದಿ ಮೊದಲು ಕೇಳೋದು, ‘ಅಲ್ಲಿ ವೆಂಟಿಲೇಟರ್ ಐತೇನ್ರಿ?’ ಕೇಳೋದರಲ್ಲಿ ತಪ್ಪಿಲ್ಲ. ನಾಗರಹಾವು, ಕಟ್ಟುಹಾವಿನ ವಿಷ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸಿಬಿಡುತ್ತದೆ. ಕೆಲವು ಕ್ರಿಮಿನಾಶಕಗಳೂ ಹಾಗೇ. ಅಂಥ ರೋಗಿಗೆ ಕೆಲವು ದಿನ ಯಂತ್ರ ಉಸಿರು ಕೊಟ್ಟರೆ ಎದ್ದು ಮನೆಗೆ ಬರಬಹುದು. ಅದಕ್ಕೇ ಗದಗದ ಜಿಮ್ಸ್, ಇಲ್ಲಾ ಹುಬ್ಬಳ್ಳಿ ಅಂತ ಓಡ್ತೀವಿ.

ಆದರೆ ಆ ಯಂತ್ರದ ಪಕ್ಕ 24 ತಾಸು ಇರೋರು ಡಾಕ್ಟರಲ್ಲ, ನರ್ಸ್.

ಕೊರೊನಾ ಕಾಲ ನೆನಪಿಸಿಕೊಳ್ಳಿ. 2020ರಲ್ಲಿ ಪಿಎಂ ಕೇರ್ಸ್ ಹಣದಲ್ಲಿ 50,000 ವೆಂಟಿಲೇಟರ್ ಕೊಳ್ಳಲು ಕೇಂದ್ರ ತೀರ್ಮಾನಿಸಿತು. ಅದರಲ್ಲಿ 30,000 ಯಂತ್ರಗಳ ಆರ್ಡರ್ ಸಿಕ್ಕಿದ್ದು ಬೆಂಗಳೂರಿನ ಬಿಇಎಲ್‌ಗೆ, ಜೊತೆಗಿದ್ದದ್ದು ಮೈಸೂರಿನ ಸ್ಕ್ಯಾನ್‌ರೇ ಕಂಪನಿ. ಇಷ್ಟಾದರೂ ಕೆಲವು ರಾಜ್ಯಗಳಲ್ಲಿ ಯಂತ್ರಗಳು ಬಳಕೆಯಾಗದೆ ಬಿದ್ದಿವೆ ಎಂಬ ವರದಿಗಳು ಬಂದವು. 2021ರ ಮೇ 15ರಂದು ಪ್ರಧಾನಿ ತಪಾಸಣೆಗೆ ಸೂಚಿಸಿದರು. ಅಗತ್ಯವಿದ್ದರೆ ಸಿಬ್ಬಂದಿಗೆ ಮತ್ತೆ ತರಬೇತಿ ಕೊಡಿ ಅಂತಲೂ ಹೇಳಿದರು. ಅಂದ್ರೆ ಯಂತ್ರ ಕೊಂಡರೆ ಅರ್ಧ ಕೆಲಸ ಅಷ್ಟೇ.

ಉಳಿದರ್ಧ ಏನು? ವೆಂಟಿಲೇಟರ್ ಅಲಾರಾಂ ಹೊಡೆದರೆ ಟ್ಯೂಬ್ ಜಾರಿತೋ, ಕಫ ಕಟ್ಟಿತೋ, ಆಕ್ಸಿಜನ್ ಇಳಿಯಿತೋ ನಿಮಿಷದೊಳಗೆ ಪತ್ತೆ ಮಾಡಬೇಕು. ತಿಳಿಯದಿದ್ದರೆ ಯಂತ್ರ ಬಿಡಿಸಿ, ಅಂಬು ಬ್ಯಾಗ್ ಹಿಚುಕಿ ಕೈಯಿಂದಲೇ ಉಸಿರು ಕೊಡಬೇಕು. ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಬಾಯಿ ಸ್ವಚ್ಛ ಮಾಡಬೇಕು, ಶುದ್ಧ ಕೈಯಿಂದ ಕಫ ತೆಗೆಯಬೇಕು, ಮಗ್ಗುಲು ಬದಲಿಸಬೇಕು. ಇದರಲ್ಲಿ ಎಡವಿದರೆ ವಿಷದಿಂದ ಪಾರಾದವರನ್ನೂ ನ್ಯುಮೋನಿಯಾ ಬಿಡುವುದಿಲ್ಲ.

ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್‌ನಲ್ಲಿ ಇದನ್ನೆಲ್ಲ ಓದಿರ್ತಾರೆ. ಆದರೆ ಕೈ ಪಳಗೋದು ಐಸಿಯುನಲ್ಲೇ. ಓದು ಮುಗಿಸಿದ ನರ್ಸ್‌ಗಳಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಒಂದು ವರ್ಷದ ಕ್ರಿಟಿಕಲ್ ಕೇರ್ ಡಿಪ್ಲೊಮಾ ಇದೆ. ತಾಲ್ಲೂಕಿನಿಂದ ವರ್ಷಗಟ್ಟಲೆ ಕಳಿಸೋದು ಕಷ್ಟ, ಒಪ್ಪೋಣ. ಸರದಿ ಪ್ರಕಾರ ಕೆಲವು ವಾರ ಜಿಮ್ಸ್ ಐಸಿಯುಗೆ, ಅದೂ ರಾತ್ರಿ ಪಾಳಿಗೆ ಕಳಿಸಬಹುದಲ್ಲ? ಕಲಿತು ಬಂದವರನ್ನು ಮತ್ತೆ ಬೇರೆ ವಾರ್ಡಿಗೆ ಹಾಕದಿದ್ದರೆ ಆ ಕಲಿಕೆ ಊರಿಗೆ ದಕ್ಕುತ್ತದೆ.

ಸಂಖ್ಯೆಯೂ ಮುಖ್ಯ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು. ಒಬ್ಬರೇ ನಾಲ್ಕು ಹಾಸಿಗೆ ನೋಡೋದಾದರೆ ತರಬೇತಿಯೂ ಕೈಕೊಡುತ್ತದೆ.

ಇನ್ನು ಮುಂದೆ ಊರಿಗೆ ಬರುವ ಜನಪ್ರತಿನಿಧಿಗಳಿಗೆ ‘ವೆಂಟಿಲೇಟರ್ ಕೊಡ್ರಿ’ ಅಂತ ಮನವಿ ಬರೆಯುವಾಗ ಇನ್ನೊಂದು ಸಾಲು ಸೇರಿಸೋಣ: ‘ರಾತ್ರಿ ಎರಡಕ್ಕೆ ಅದನ್ನು ನೋಡ್ಕೊಳ್ಳೋರು ಯಾರ್ರೀ?’