ಬರಿಹೊಟ್ಟೆಯ ಪಾಠ

ಬೆಳಗಿನ ಮೊದಲ ತರಗತಿಯಲ್ಲಿ ಹಳಗನ್ನಡ ಪದ್ಯವೊಂದರ ಅನ್ವಯವನ್ನು ಹೇಳುತ್ತಿದ್ದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲನೆ ಮೇಜಿಗೆ ತಲೆಯಾನಿಸಿದಳು. ನಿದ್ದೆಯೆಂದು ಬಗೆದು ಗದರಿದೆ. ಆಮೇಲೆ ವಿಚಾರಿಸಿದಾಗ, ಬಂಟ್ವಾಳದಾಚೆಯ ಹಳ್ಳಿಯಿಂದ ಆರೂವರೆಯ ಬಸ್ಸಿಗೆ ಹೊರಟು ಬಂದವಳೆಂದು ತಿಳಿಯಿತು. "ಚಾ ಮಾತ್ರ ಕುಡಿದು ಬಂದೆ ಸರ್, ಮಧ್ಯಾಹ್ನ ಹೇಗೂ ಊಟ ಉಂಟಲ್ಲ" ಎಂದಳು. ಮರುದಿನ, ತಿಂಡಿ ತಿಂದು ಬಂದವರು ಕೈಯೆತ್ತಿರೆಂದು ಕೇಳಿದೆ. ಎತ್ತಿದ ಕೈಗಳಿಗಿಂತ ತಗ್ಗಿದ ತಲೆಗಳೇ ಹೆಚ್ಚಾಗಿದ್ದುವು.

ಇರುಳಿನ ಒಂಬತ್ತಕ್ಕೆ ಉಂಡವರು ಮರುದಿನ ಒಂದು ಗಂಟೆಗೆ ಉಂಡರೆ ನಡುವೆ ಹದಿನಾರು ಗಂಟೆಗಳ ಉಪವಾಸವಾಯಿತು. ದೇಹದ ತೂಕದಲ್ಲಿ ಸುಮಾರು ಐವತ್ತರಲ್ಲೊಂದು ಪಾಲಾಗಿರುವ ಮೆದುಳು, ದೇಹವು ವಿಶ್ರಾಂತಿಯಲ್ಲಿ ವ್ಯಯಿಸುವ ಶಕ್ತಿಯ ಐದರಲ್ಲೊಂದು ಪಾಲನ್ನು ಬೇಡುತ್ತದೆ. ರಾತ್ರಿಯೆಲ್ಲ ಅದಕ್ಕೆ ಗ್ಲೂಕೋಸನ್ನು ಒದಗಿಸಿದ ಯಕೃತ್ತಿನ ಕಣಜವು ಬೆಳಗಾಗುವ ಹೊತ್ತಿಗೆ ಬಹುಮಟ್ಟಿಗೆ ಇಳಿದಿರುತ್ತದೆ. ಚೆನ್ನಾಗಿ ಉಂಡು ಬೆಳೆದವರು ಒಂದು ಹೊತ್ತಿನ ಲೋಪವನ್ನು ತಾಳಿಕೊಂಡಾರು. ಮೊದಲೇ ಬಡಕಲಾದ ಮಕ್ಕಳ ಮಾತು ಬೇರೆ. ಜಮೈಕಾದ ಹಳ್ಳಿಶಾಲೆಗಳಲ್ಲಿ ಒಂದು ಶಾಲಾವರ್ಷ ಬೆಳಗಿನ ಉಪಾಹಾರವಿತ್ತು ನಡೆಸಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಮಕ್ಕಳ ಹಾಜರಿ, ಬೆಳವಣಿಗೆಗಳು ಕೊಂಚ ಸುಧಾರಿಸಿದುವು. ಕಿರಿಯ ತರಗತಿಗಳವರ ಲೆಕ್ಕವೂ ಸುಧಾರಿಸಿತು. ನಮ್ಮ ದೇಶದ ಸ್ಥಿತಿಯೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 19 ವರ್ಷದ ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಅಂಥವರು ಬರಿಯ ಚಹದ ಬಲದಿಂದ ಪಾಠ ಕೇಳಬೇಕಾಗಿದೆ.

"ಹಿಂದೆ ನಾವು ಗಂಜಿಯುಂಡು ಮೈಲಿಗಟ್ಟಲೆ ನಡೆಯುತ್ತಿದ್ದೆವು; ಈಗಿನವರಿಗೆ ತಿಂಡಿ ಬೇಡ" ಎಂದು ಹಿರಿಯರು ಹೇಳುವುದುಂಟು. ಆ ಗಂಜಿಯನ್ನು ಬೇಯಿಸಿದವರು ಯಾರೆಂಬುದನ್ನು ಮಾತ್ರ ಅವರು ಮರೆಯುತ್ತಾರೆ. ನಡುರಾತ್ರಿಯವರೆಗೆ ಬೀಡಿ ಕಟ್ಟಿದ ತಾಯಿ, ನಸುಕಿನಲ್ಲೇ ಮೀನಿಗಾಗಿ ಧಕ್ಕೆಗೆ ಹೊರಟ ತಾಯಿ, ಮಗುವಿನ ಆರೂವರೆಯ ಬಸ್ಸಿಗೆ ಮುನ್ನ ದೋಸೆ ಹೊಯ್ದು ಕೊಡಬೇಕೆನ್ನುವುದು ನ್ಯಾಯವೆ? ಕಾಲೇಜಿಗೂ ಮೊದಲೇ ವಿಶೇಷ ತರಗತಿಗಳನ್ನು ಗೊತ್ತುಮಾಡಿದವರು ನಾವು. ವೇಳಾಪಟ್ಟಿಯ ತಪ್ಪನ್ನು ತಾಯಂದಿರ ತಲೆಗೆ ಕಟ್ಟುವುದು ಸಲ್ಲದು.

ಹಸಿದವರಿಗೆ ವಿದ್ಯೆ ಹತ್ತದೆಂಬುದು ಈ ಊರಿಗೆ ಹೊಸ ಮಾತಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮಂಗಳೂರಿನ ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರು ಪುಸ್ತಕದೊಡನೆ ಮಧ್ಯಾಹ್ನದ ಊಟವನ್ನೂ ಕೊಟ್ಟರು. ನಮ್ಮ ಪುರಭವನವು ಇಂದು ಅವರ ಹೆಸರನ್ನು ಹೊತ್ತಿದೆ. 2002ರಲ್ಲಿ ಅಕ್ಷರ ದಾಸೋಹ, 2013ರಲ್ಲಿ ಕ್ಷೀರಭಾಗ್ಯ, 2024ರಲ್ಲಿ ರಾಗಿ ಮಾಲ್ಟ್ ಸರಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಬಂದುವು. ನೆರೆಯ ತಮಿಳುನಾಡು 2022ರಲ್ಲಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೆಳಗಿನ ತಿಂಡಿಯನ್ನೇ ಕೊಡತೊಡಗಿತು. ಆದರೆ ನಮ್ಮ ಯೋಜನೆಗಳು ರೂಪುಗೊಂಡದ್ದು ಹತ್ತನೆಯ ತರಗತಿಯವರೆಗಿನ ಮಕ್ಕಳಿಗಾಗಿ. ಹದಿನಾರು ದಾಟಿದೊಡನೆ ಹಸಿವು ತಣಿಯುತ್ತದೆಯೆ? ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ 2024ರಲ್ಲಿ ಮೊದಲನೆಯದು, 2025ರಲ್ಲಿ ಉಡುಪಿಯ ಬೆನ್ನಿಗೆ ಎರಡನೆಯದು. ಈ ಕೀರ್ತಿಯ ಹಿಂದೆ ಎಷ್ಟು ಬರಿಹೊಟ್ಟೆಗಳಿದ್ದುವೆಂದು ನಾವು ಎಣಿಸಿಲ್ಲ.

ನನ್ನ ಸೂಚನೆ ಸರಳವಾದುದು. ಪ್ರತಿಯೊಂದು ಪದವಿಪೂರ್ವ ಕಾಲೇಜೂ ಮೊದಲ ತರಗತಿಗೆ ಮುನ್ನ ಕಾಲು ಗಂಟೆಯನ್ನು ತಿಂಡಿಗೆಂದು ಮೀಸಲಿಡಲಿ. ಕುಚ್ಚಲಕ್ಕಿ ಗಂಜಿ ಮತ್ತು ಚಟ್ನಿ, ಇಲ್ಲವೆ ಸಜ್ಜಿಗೆ–ಬಜಿಲು ಸಾಕು; ಜೊತೆಗೆ ಕಡಲೆಯೋ ಹೆಸರುಕಾಳೋ ಇದ್ದರೆ ಇನ್ನೂ ಒಳಿತು. ವೆಚ್ಚವನ್ನು ಆಡಳಿತ ಮಂಡಳಿ, ಹಳೆಯ ವಿದ್ಯಾರ್ಥಿಗಳು, ಸರಕಾರ ಹಂಚಿಕೊಳ್ಳಬಹುದು. ಆದರೆ ಬಡವರಿಗೆಂದು ಬೇರೆ ಪಂಕ್ತಿ ಹಾಕಬಾರದು. ಅಧ್ಯಾಪಕರೂ ಮಕ್ಕಳೊಡನೆ ಕುಳಿತು ಉಣ್ಣಬೇಕು. ಹದಿಹರೆಯದವರು ಹಸಿವನ್ನು ಸಹಿಸಿಯಾರು, ನಾಚಿಕೆಯನ್ನು ಸಹಿಸಲಾರರು.

ಅದಾಗುವವರೆಗೆ ನಾನೊಂದು ನಿಯಮ ಮಾಡಿಕೊಂಡಿದ್ದೇನೆ. ತರಗತಿಯಲ್ಲಿ ತಲೆ ಬಾಗಿದವರನ್ನು ಗದರುವುದಿಲ್ಲ. ಬಳಿಗೆ ಹೋಗಿ, ಏನಾದರೂ ತಿಂದಿರುವೆಯಾ ಎಂದು ಮೆಲುದನಿಯಲ್ಲಿ ಕೇಳುತ್ತೇನೆ.