ಫಾಂಟ್ ಅಂದ್ರೆ ಮೇಕಪ್ ಅಲ್ಲ ಕಣ್ರೋ

1/6
"ಕೋಡಿಂಗ್‌ಗೆ ಯಾವ ಫಾಂಟ್ ಬೆಸ್ಟ್?" ಅಂತ ಯಾರಾದ್ರೂ ಸ್ಟೋರಿ ಹಾಕಿದ್ರೆ ಸಾಕು, ಎಲ್ರದ್ದೂ ಒಂದೇ ಉತ್ತರ: "ಅವರವರ ಟೇಸ್ಟ್ ಬ್ರೋ." ಇಲ್ಲ ಬ್ರೋ. ಮಸಾಲೆ ದೋಸೆನಾ ಸೆಟ್ ದೋಸೆನಾ ಅನ್ನೋದು ಟೇಸ್ಟ್. ಸ್ಕ್ರೀನ್ ಮೇಲಿರೋದು ಸೊನ್ನೆಯಾ ಓ ಅಕ್ಷರವಾ ಅಂತ ಕಣ್ಣಿಗೆ ಗೊತ್ತಾಗ್ಬೇಕು ಅನ್ನೋದು ಟೇಸ್ಟ್ ಅಲ್ಲ. ಅದಕ್ಕೆ ಪಾಸು-ಫೇಲು ಇದೆ. ರೀಲ್ಸ್‌ನಲ್ಲಿ ಬರೋ "ಟಾಪ್ 5 ಏಸ್ಥೆಟಿಕ್ ಫಾಂಟ್ಸ್" ಈ ಪರೀಕ್ಷೆಯನ್ನೇ ಮಾಡಲ್ಲ. ಅದೇ ನನ್ನ ಜಗಳ.

2/6
"ನಾವು ಬಿಕಾಂ, ಇದೆಲ್ಲ ಬಿಸಿಎ ಅವರಿಗೆ" ಅಂತ ಸ್ಕ್ರೋಲ್ ಮಾಡ್ಬೇಡಿ. ನಮಗೇ ಇದು ಜಾಸ್ತಿ ಬೇಕು. ಕೋಡ್‌ನಲ್ಲಿ ವೇರಿಯೇಬಲ್ ಹೆಸರು ತಪ್ಪಾದ್ರೆ ಸಾಮಾನ್ಯವಾಗಿ ಪೈಥಾನ್ ಎರರ್ ಕೊಟ್ಟು ನಿಲ್ಲುತ್ತೆ. ಡೇಟಾದಲ್ಲಿ ಒಂದು ಅಕ್ಷರ ತಪ್ಪಾದ್ರೆ ಪ್ರೋಗ್ರಾಂ ಸುಮ್ಮನೆ ಓಡುತ್ತೆ, ಸುಳ್ಳು ಲೆಕ್ಕ ಕೊಡುತ್ತೆ.

ಐಎಫ್‌ಎಸ್‌ಸಿ ಕೋಡ್ ತಗೊಳ್ಳಿ. ಒಟ್ಟು 11 ಅಕ್ಷರ, ಐದನೇದು ಯಾವಾಗ್ಲೂ ಸೊನ್ನೆ. ಅಲ್ಲಿ ಓ ಹೊಡೆದಿದ್ರೆ ನಿಯಮ ನೋಡಿ ಹಿಡೀಬಹುದು. ಪ್ಯಾನ್ ಕೂಡ ಹಾಗೇ: ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ಆದ್ರೆ ಇನ್‌ವಾಯ್ಸ್ ನಂಬರ್? ಜಿಎಸ್‌ಟಿಯಲ್ಲಿ ಅದು 16 ಅಕ್ಷರದವರೆಗೆ ಇರಬಹುದು, ಅಂಕಿ ಎಲ್ಲಿ ಅಕ್ಷರ ಎಲ್ಲಿ ಅನ್ನೋ ನಿಯಮ ಇಲ್ಲ. ಸಪ್ಲೈಯರ್ ಸೊನ್ನೆ ಹಾಕಿರ್ತಾರೆ, ನಿಮ್ಮ ಪರ್ಚೇಸ್ ರಿಜಿಸ್ಟರ್‌ನಲ್ಲಿ ಓ ಕೂತಿರುತ್ತೆ. ಜಿಎಸ್‌ಟಿಆರ್-2ಬಿ ಜೊತೆ ಮ್ಯಾಚ್ ಮಾಡೋ ಸ್ಕ್ರಿಪ್ಟ್‌ಗೆ ಅವೆರಡೂ ಬೇರೆ ಬೇರೆ ಬಿಲ್. ಇನ್‌ಪುಟ್ ಕ್ರೆಡಿಟ್ ತಾಳೆ ಆಗಲ್ಲ. ನೀವು ಸ್ಕ್ರೀನನ್ನೇ ದಿಟ್ಟಿಸ್ತಾ ಕೂತಿರ್ತೀರ, ಎರಡು ಸಾಲೂ ಒಂದೇ ಥರ ಕಾಣ್ತಿರುತ್ತೆ. ಫಾಂಟ್ ನಿಮ್ಮ ಕಣ್ಣಿಗೆ ಮಣ್ಣೆರಚಿದೆ ಅಷ್ಟೇ.

3/6
ಈಗ ಪರೀಕ್ಷೆ. ಸೈಜ್ 12 ಇಟ್ಟು ಪಕ್ಕಪಕ್ಕ ಟೈಪ್ ಮಾಡಿ: ಸೊನ್ನೆ, ಕ್ಯಾಪಿಟಲ್ ಓ. ಆಮೇಲೆ ಅಂಕಿ ಒಂದು, ಸ್ಮಾಲ್ ಎಲ್, ಕ್ಯಾಪಿಟಲ್ ಐ, ಪೈಪ್ ಗೀಟು. ಆಮೇಲೆ ಕಾಮಾ-ಫುಲ್‌ಸ್ಟಾಪ್, ಕೋಲನ್-ಸೆಮಿಕೋಲನ್, ಮೂರೂ ಥರದ ಬ್ರಾಕೆಟ್. ಕುರ್ಚಿಗೆ ಒರಗಿ ಕೂತು ಓದಿ. ಫ್ರೆಂಡ್‌ನ ಹೊಸ ಮ್ಯಾಕ್‌ಬುಕ್‌ನಲ್ಲಿ ಅಲ್ಲ, ನೀವು ದಿನಾ ಕೂರೋ ಲ್ಯಾಬ್ ಮಾನಿಟರ್‌ನಲ್ಲಿ.

ಏರಿಯಲ್ ಇಲ್ಲೇ ಫೇಲ್: ಅದರಲ್ಲಿ ಕ್ಯಾಪಿಟಲ್ ಐ, ಸ್ಮಾಲ್ ಎಲ್ ಎರಡೂ ಬರೀ ನಿಂತ ಗೀಟು. ಅಕ್ಷರಗಳ ಅಗಲವೂ ಬೇರೆ ಬೇರೆ, ಹಾಗಾಗಿ ಕಾಲಂ ಸಾಲಾಗಿ ನಿಲ್ಲಲ್ಲ. ಡೆಬಿಟ್-ಕ್ರೆಡಿಟ್ ಕಾಲಂ ಓರೆ ಬರೆದ್ರೆ ಲೆಡ್ಜರ್ ಓದಕ್ಕಾಗುತ್ತಾ? ಅದಕ್ಕೇ ಮಾನೋಸ್ಪೇಸ್, ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಆದ್ರೆ ಮಾನೋಸ್ಪೇಸ್ ಆದ ತಕ್ಷಣ ಪಾಸ್ ಅಂತಲೂ ಅಲ್ಲ. ಕೊರಿಯರ್ ನ್ಯೂ ನೋಡಿ: ಸೊನ್ನೆಯೊಳಗೆ ಯಾವ ಗುರುತೂ ಇಲ್ಲ, ಗೆರೆಗಳು ಸ್ಕ್ರೀನ್ ಮೇಲೆ ದಾರದಷ್ಟು ತೆಳು.

4/6
ಈಗ ಕೆಲವರಿಗೆ ಕೋಪ ಬರುತ್ತೆ. ಲಿಗೇಚರ್. ಫಿರಾ ಕೋಡ್‌ನಂಥ ಫಾಂಟ್‌ನಲ್ಲಿ != ಅಂತ ಹೊಡೆದ್ರೆ ಸ್ಕ್ರೀನ್ ಮೇಲೆ ≠ ಥರ ಕಾಣುತ್ತೆ, => ಹೊಡೆದ್ರೆ ಚಂದದ ಬಾಣ. ಫೈಲ್‌ನಲ್ಲಿ ಇರೋದು ಎರಡು ಅಕ್ಷರವೇ, ವೇಷ ಮಾತ್ರ ಬೇರೆ. ವರ್ಷಗಟ್ಟಲೆ ಕೋಡ್ ಬರೆದವರಿಗೆ ತೊಂದರೆ ಇಲ್ಲದಿರಬಹುದು. ಆದ್ರೆ ನಿಮ್ಮ ಸ್ಕ್ರೀನ್‌ಶಾಟ್ ನೋಡಿ ಕಲಿಯೋ ಜೂನಿಯರ್ ಆ ಗುರುತನ್ನ ಕೀಬೋರ್ಡ್‌ನಲ್ಲಿ ಹುಡುಕ್ತಾ ಕೂರ್ತಾನೆ. ನೋಟ್ಸ್ ಹಂಚೋರು ದಯವಿಟ್ಟು ಲಿಗೇಚರ್ ಆಫ್ ಮಾಡಿ ಹಂಚಿ. ಬರೆದಿದ್ದು ಏನೋ ಅದೇ ಕಾಣ್ಲಿ.

5/6
ಹಾಗಾದ್ರೆ ಟೇಸ್ಟ್‌ಗೆ ಜಾಗವೇ ಇಲ್ವಾ? ಇದೆ, ಪರೀಕ್ಷೆ ಆದ್ಮೇಲೆ. ಪಾಸಾದವರಲ್ಲಿ ಯಾರನ್ನ ಬೇಕಾದ್ರೂ ಇಷ್ಟಪಡಿ. ವಿಂಡೋಸ್‌ನಲ್ಲಿ ಕನ್ಸೋಲಾಸ್ ಆಗಲೇ ಇದೆ, ಸೊನ್ನೆಗೆ ಅಡ್ಡಗೀಟು ಹಾಕಿಯೇ ಬರುತ್ತೆ. ವಿಂಡೋಸ್ ಟರ್ಮಿನಲ್ ಬಳಸೋರಿಗೆ ಕ್ಯಾಸ್ಕೇಡಿಯಾ ಮಾನೋ ಇದೆ, ಅದು ಲಿಗೇಚರ್ ಇಲ್ಲದ ಆವೃತ್ತಿ. ನನ್ನ ಆಯ್ಕೆ 2020ರಲ್ಲಿ ಬಂದ ಜೆಟ್‌ಬ್ರೈನ್ಸ್ ಮಾನೋ: ಸ್ಮಾಲ್ ಅಕ್ಷರಗಳು ಎತ್ತರ, ಹಾಗಾಗಿ ಚಿಕ್ಕ ಸೈಜ್‌ನಲ್ಲೂ ಓದಬಹುದು. ಇದಕ್ಕೂ ಲಿಗೇಚರ್ ಇಲ್ಲದ ಆವೃತ್ತಿ ಇದೆ. ಪೂರ್ತಿ ಉಚಿತ. ದುಡ್ಡು ಕೊಟ್ಟು ತಗೊಳ್ಳೋ ಫಾಂಟ್‌ಗಳೂ ಇವೆ, ಅದನ್ನ ಮಾಡಿದವರ ಶ್ರಮಕ್ಕೆ ಗೌರವ. ಆದ್ರೆ ಸ್ಟೂಡೆಂಟ್ ಜೇಬಿನಿಂದ ಅದಕ್ಕೆ ದುಡ್ಡು ಹಾಕೋ ಅಗತ್ಯ ನನಗಂತೂ ಕಾಣ್ತಿಲ್ಲ. ಇನ್ನು ಆ ದುಡ್ಡಿಲ್ಲದೇ ಪೈರೇಟೆಡ್ ಕಾಪಿ ಟೆಲಿಗ್ರಾಂನಲ್ಲಿ ಹುಡುಕೋದು ಶುದ್ಧ ದಂಡ.

6/6
ಕೊನೇದು, ಯಾರೂ ಕೇಳದ ಪ್ರಶ್ನೆ: ಕನ್ನಡ? ಮೇಲೆ ಹೊಗಳಿದ ಮೂರೂ ಫಾಂಟ್‌ನಲ್ಲಿ ಕನ್ನಡ ಇಲ್ಲ. ಸಿಸ್ಟಂ ಬೇರೆ ಫಾಂಟ್‌ನಿಂದ ಅಕ್ಷರ ತಂದು ಹಾಕುತ್ತೆ. ಟರ್ಮಿನಲ್ ಅಂದ್ರೆ ಸಮ ಅಗಲದ ಚೌಕಗಳ ಹಾಳೆ. ನಮ್ಮ "ಲಕ್ಷ್ಮೀ"ಯ ಕಾಗುಣಿತ, ಒತ್ತು ಆ ಚೌಕಕ್ಕೆ ಹೊಂದಲ್ಲ. ಗ್ರಾಹಕರ ಹೆಸರು ಕನ್ನಡದಲ್ಲಿದ್ರೆ ಪಕ್ಕದ ಮೊತ್ತದ ಕಾಲಂ ಜಾರುತ್ತೆ.

ಸೊನ್ನೆ-ಓ ಗೊಂದಲ ನಮ್ಮಲ್ಲೂ ಇದೆ. ಕನ್ನಡ ಸೊನ್ನೆ ೦, ಅನುಸ್ವಾರ ಂ. ಪೈಥಾನ್ 3ಕ್ಕೆ "೧೦" ಕೊಟ್ಟು ಸಂಖ್ಯೆ ಮಾಡು ಅಂದ್ರೆ 10 ಅಂತ ಸರಿಯಾಗಿ ಓದುತ್ತೆ. ಸೊನ್ನೆ ಜಾಗದಲ್ಲಿ ಅನುಸ್ವಾರ ಬಿದ್ದಿದ್ರೆ ಎರರ್. ಕಣ್ಣಿಗೆ ವ್ಯತ್ಯಾಸ ತೋರಿಸೋ ಗುರುತು? ಅದನ್ನ ನಮಗೆ ಯಾರೂ ಹಾಕಿಕೊಟ್ಟಿಲ್ಲ. ಇಂಗ್ಲಿಷ್ ಸೊನ್ನೆಗೆ ಚುಕ್ಕಿ ಇಡೋದಾ ಗೀಟು ಎಳೆಯೋದಾ ಅಂತ ಇಷ್ಟೊಂದು ಚರ್ಚೆ ಇರೋವಾಗ, ನಮ್ಮ ಸೊನ್ನೆ ಬಗ್ಗೆ ನಾವೇ ಕೇಳದಿದ್ರೆ ಇನ್ಯಾರು ಕೇಳ್ತಾರೆ?

ಸದ್ಯಕ್ಕೆ ಇಷ್ಟು ಮಾಡಿ: ವಿಎಸ್ ಕೋಡ್‌ನ ಫಾಂಟ್ ಸೆಟ್ಟಿಂಗ್‌ನಲ್ಲಿ ಮೊದಲು ನಿಮ್ಮ ಕೋಡಿಂಗ್ ಫಾಂಟ್, ಕಾಮಾ ಹಾಕಿ ನೋಟೋ ಸಾನ್ಸ್ ಕನ್ನಡ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಲೈನ್ ಹೈಟ್ ಸ್ವಲ್ಪ ಏರಿಸಿ.

ಇವತ್ತೇ 3ನೇ ಕ್ಯಾಪ್ಶನ್‌ನ ಪರೀಕ್ಷೆ ಮಾಡಿ, ನಿಮ್ಮ ಫಾಂಟ್ ಪಾಸಾ ಫೇಲಾ ಕಮೆಂಟ್ ಮಾಡಿ. "ಟೇಸ್ಟ್ ಬ್ರೋ" ಅನ್ನೋರು ಪಕ್ಕದಲ್ಲಿ ಸ್ಕ್ರೀನ್‌ಶಾಟ್ ಹಾಕಲೇಬೇಕು 😤

#ಕೋಡಿಂಗ್ #ಕನ್ನಡ #ಬಿಕಾಂ #ಫಾಂಟ್‌ಜಗಳ